ಅಗ್ಗದ ಚಹಾವನ್ನು ಕಡಲಿಗೆ ಯಾಕೆ ಸುರಿದರು? ಇತಿಹಾಸದ ಪಾಠ ಬರೆಯುವವರಿಗೊಂದು ಬಹಿರಂಗ ಪತ್ರ

ಇತಿಹಾಸದ ಪಾಠ ಬರೆಯುವ, ಪ್ರಶ್ನೆಪತ್ರಿಕೆ ತೆಗೆಯುವ ಎಲ್ಲ ಹಿರಿಯರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. 1765 ಸ್ಟಾಂಪ್ ಕಾಯ್ದೆ, 1767 ಟೌನ್‌ಶೆಂಡ್ ಸುಂಕ, 1773 ಬೋಸ್ಟನ್ ಟೀ ಪಾರ್ಟಿ (ಬೋಸ್ಟನ್ ಬಂದರಿನಲ್ಲಿ ಚಹಾ ಸುರಿದ ಪ್ರಸಂಗ), 1776 ಸ್ವಾತಂತ್ರ್ಯ ಘೋಷಣೆ. ನಾನು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ನೋಟ್ಸ್ ಮಾಡಿಕೊಳ್ಳುವುದು, ಪರೀಕ್ಷೆಯಲ್ಲಿ ಹೊಂದಿಸಿ ಬರೆಯುವುದು. ಹೀಗೇ ನಡೆದುಕೊಂಡು ಬಂದಿತ್ತು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಟೀ ಪಾರ್ಟಿ ನಡೆದ ವರ್ಷ ಚಹಾ ಅಗ್ಗ ಆಗಿತ್ತು ಅಂದ್ರಿ. ಅಗ್ಗ ಆಗಿರೋ ಚಹಾನ ಯಾರಾದ್ರೂ ನೀರಿಗೆ ಸುರೀತಾರಾ?"

ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಮನೆಗೆ ಹೋಗಿ ಓದಲು ಕೂತೆ. ಆಮೇಲೆ ಎರಡು ಬೇಸಿಗೆ ರಜೆ ಅದರಲ್ಲೇ ಕಳೆದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಹೋಯಿತು. "ಬ್ರಿಟನ್ ತೆರಿಗೆ ಜಾಸ್ತಿ ಮಾಡಿತು, ಜನ ದಂಗೆ ಎದ್ದರು" ಅಂತ ನಾವು ಒಂದೇ ಸಾಲಿನಲ್ಲಿ ಮುಗಿಸುತ್ತೇವಲ್ಲ, ಆ ಸಾಲೇ ಮಕ್ಕಳನ್ನು ದಾರಿ ತಪ್ಪಿಸುತ್ತಿದೆ. ಅದನ್ನು ದಯವಿಟ್ಟು ಬಿಟ್ಟುಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ತೆರಿಗೆ ನಿಜಕ್ಕೂ ಅಷ್ಟೊಂದು ಇತ್ತಾ? ಇರಲಿಲ್ಲ. ಇಂಗ್ಲೆಂಡಿನಲ್ಲಿ ಇದ್ದವರು ಅಮೆರಿಕದಲ್ಲಿ ಇದ್ದವರಿಗಿಂತ ಎಷ್ಟೋ ಪಾಲು ಜಾಸ್ತಿ ತೆರಿಗೆ ಕಟ್ಟುತ್ತಿದ್ದರು. ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ 12 ಕೋಟಿ ಪೌಂಡ್ ದಾಟಿತ್ತು. ವರಮಾನದ ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿತ್ತು. ಅದರ ಮೇಲೆ ಅಮೆರಿಕದಲ್ಲಿ ಸುಮಾರು 10 ಸಾವಿರ ಸೈನಿಕರನ್ನು ಇಡಬೇಕೆಂದು ತೀರ್ಮಾನವಾಯಿತು. ಆ ಖರ್ಚಿನ ಒಂದಿಷ್ಟನ್ನಾದರೂ ಅಲ್ಲಿನವರೇ ಕೊಡಲಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಹೇಳಿದ. ಕೇಳಿದರೆ ನ್ಯಾಯವಾದ ಮಾತೇ ಅನ್ನಿಸುತ್ತದೆ ಅಲ್ವಾ? ಮಕ್ಕಳಿಗೆ ಇದನ್ನೂ ಹೇಳಬೇಕು. ಲಂಡನ್ನಿನವರನ್ನು ಸುಮ್ನೆ ಖಳನಾಯಕರನ್ನಾಗಿ ಮಾಡಿದರೆ ಪಾಠ ಅಲ್ಲಿಗೇ ಕೆಟ್ಟಿತು.

1764ರ ಸಕ್ಕರೆ ಕಾಯ್ದೆಯನ್ನು ನೋಡಿ. ಹೆಸರು ಸಕ್ಕರೆ, ಕೂತದ್ದು ಮುಖ್ಯವಾಗಿ ಕಾಕಂಬಿಯ ಮೇಲೆ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನವರು ಕಾಕಂಬಿ ತರಿಸಿ ರಮ್ ಬಟ್ಟಿ ಇಳಿಸುತ್ತಿದ್ದರು. ಅದರ ಮೇಲಿನ ಸುಂಕ ಮೊದಲು ಗ್ಯಾಲನ್ನಿಗೆ 6 ಪೆನ್ಸ್ ಇತ್ತು. ಗ್ರೆನ್‌ವಿಲ್ ಅದನ್ನು 3 ಪೆನ್ಸಿಗೆ ಇಳಿಸಿದ. ಹೌದು, ಇಳಿಸಿದ. ಆದರೆ 6 ಪೆನ್ಸನ್ನು ಯಾರೂ ಕಟ್ಟುತ್ತಿರಲಿಲ್ಲ. ಅಧಿಕಾರಿಯ ಕೈ ಬೆಚ್ಚಗೆ ಮಾಡಿ ಮಾಲು ಇಳಿಸಿಕೊಳ್ಳುತ್ತಿದ್ದರು. ಈಗ 3 ಪೆನ್ಸನ್ನು ಕಟ್ಟುನಿಟ್ಟಾಗಿ ವಸೂಲು ಮಾಡಲು ಹೊರಟರು. ಸಿಕ್ಕಿಬಿದ್ದವರ ವಿಚಾರಣೆ ಜ್ಯೂರಿ (ತೀರ್ಪು ಹೇಳುವ ಊರಿನವರ ತಂಡ) ಇಲ್ಲದ ನೌಕಾ ನ್ಯಾಯಾಲಯದಲ್ಲಿ. ಊರಿನವರ ಮುಂದೆ ತನ್ನ ಮಾತು ಹೇಳಿಕೊಳ್ಳುವ ಹಕ್ಕು ಹೋಯಿತು. ಸಿಟ್ಟಿನ ಮೊದಲ ಕಿಡಿ ಹೊತ್ತಿದ್ದು ಅಲ್ಲಿ.

ಮರುವರ್ಷ ಸ್ಟಾಂಪ್ ಕಾಯ್ದೆ. ಇದನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಸುಲಭ. ಮನೆಯಲ್ಲಿ ಜಮೀನಿನ ಪತ್ರ, ಬಾಡಿಗೆ ಕರಾರು ನೋಡಿರುತ್ತಾರೆ, ಛಾಪಾ ಕಾಗದ ಅಂದರೆ ಗೊತ್ತು. ಅಲ್ಲಿ ಪತ್ರಕ್ಕಷ್ಟೇ ಅಲ್ಲ, ಪತ್ರಿಕೆಗೂ ಛಾಪಾ ಬೇಕಿತ್ತು. ಪಂಚಾಂಗಕ್ಕೆ, ಲೈಸೆನ್ಸಿಗೆ, ಕಾಲೇಜಿನ ಡಿಪ್ಲೊಮಾಗೆ, ಇಸ್ಪೀಟು ಎಲೆಗೂ ಬೇಕಿತ್ತು. ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲಿಂಗ್, ಒಂದು ಜೊತೆ ದಾಳಕ್ಕೆ 10 ಶಿಲಿಂಗ್, ಡಿಪ್ಲೊಮಾಗೆ 2 ಪೌಂಡ್. ಛಾಪಾ ಒತ್ತಿದ ಕಾಗದ ಲಂಡನ್ನಿನಿಂದ ಬರಬೇಕು. ಹಣವನ್ನು ಬ್ರಿಟಿಷ್ ಸ್ಟರ್ಲಿಂಗ್ ಲೆಕ್ಕದಲ್ಲೇ ಕೊಡಬೇಕು, ಊರಿನ ನೋಟು ನಡೆಯದು. ಹೀಗಾಗಿ ಏಟು ಬಿದ್ದದ್ದು ವಕೀಲರಿಗೆ, ವ್ಯಾಪಾರಿಗಳಿಗೆ, ಮುದ್ರಕರಿಗೆ. ಊರಿನಲ್ಲಿ ಮಾತಾಡಲು, ಬರೆಯಲು ಬಲ್ಲವರನ್ನೆಲ್ಲ ಒಂದೇ ಕಾಯ್ದೆ ಒಟ್ಟಿಗೆ ಕೆಣಕಿತು. ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿರಲಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ.

ಕಾಯ್ದೆ ಜಾರಿಗೆ ಬರುವುದು 1765ರ ನವೆಂಬರ್ 1ಕ್ಕೆ. ಹಿಂದಿನ ದಿನ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಜರ್ನಲ್ ಪತ್ರಿಕೆ ತನ್ನ ಮುಖಪುಟವನ್ನು ಗೋರಿಕಲ್ಲಿನ ಆಕಾರದಲ್ಲಿ ಅಚ್ಚು ಹಾಕಿತು. ಸುತ್ತ ದಪ್ಪ ಕಪ್ಪು ಗೆರೆ, ನೆತ್ತಿಯಲ್ಲಿ ತಲೆಬುರುಡೆ, ಎಲುಬು. ಪತ್ರಿಕೆ ತನ್ನ ಸಾವನ್ನು ತಾನೇ ಸಾರಿಕೊಂಡಿತು. ಆ ಪುಟದ ಚಿತ್ರವನ್ನು ನಾನು ಪ್ರಿಂಟ್ ತೆಗೆಸಿ ತರಗತಿಗೆ ಒಯ್ದಿದ್ದೆ. ಹುಡುಗರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸ್ಟಾಂಪ್ ಕಾಯ್ದೆಯ ಇಸವಿಯನ್ನು ಆಮೇಲೆ ನಾನು ಯಾರಿಗೂ ಉರು ಹೊಡೆಸಬೇಕಾಗಲಿಲ್ಲ.

ಬೋಸ್ಟನ್ನಿನಲ್ಲಿ ಆಂಡ್ರ್ಯೂ ಆಲಿವರ್ ಎಂಬಾತ ಛಾಪಾ ಕಾಗದ ಹಂಚುವ ಅಧಿಕಾರಿಯಾಗಲಿದ್ದ. ಆಗಸ್ಟ್ 14ರಂದು ಅವನ ಪ್ರತಿಕೃತಿಯನ್ನು ಒಂದು ಎಲ್ಮ್ ಮರಕ್ಕೆ ನೇತುಹಾಕಿದರು. ಅವನು ಹುದ್ದೆಯೇ ಬೇಡವೆಂದ. ಡಿಸೆಂಬರಿನಲ್ಲಿ ಅದೇ ಮರದ ಹತ್ತಿರ ಕರೆಸಿ ಎಲ್ಲರೆದುರು ಮತ್ತೊಮ್ಮೆ ರಾಜೀನಾಮೆ ಹೇಳಿಸಿದರು. ಆಗಸ್ಟ್ 26ರ ರಾತ್ರಿ, ಆಗ ಉಪಗವರ್ನರ್ ಆಗಿದ್ದ ಥಾಮಸ್ ಹಚಿನ್ಸನ್‌ನ ಮನೆಗೆ ನುಗ್ಗಿ ಪುಡಿಪುಡಿ ಮಾಡಿದರು. ಅದು ತಪ್ಪೇ. ಹೋರಾಟ ಅಂದಕೂಡಲೆ ಎಲ್ಲವೂ ಸರಿ ಎಂದು ನಾನು ಹೇಳಲಾರೆ, ಮಕ್ಕಳಿಗೂ ಹಾಗೆ ಹೇಳಿಕೊಡಬಾರದು.

ಆದರೆ ಆಗಿನ್ನೂ ಯಾರ ಬಾಯಲ್ಲೂ "ಸ್ವಾತಂತ್ರ್ಯ" ಇರಲಿಲ್ಲ. ಆ ಅಕ್ಟೋಬರಿನಲ್ಲಿ 9 ವಸಾಹತುಗಳಿಂದ 27 ಜನ ನ್ಯೂಯಾರ್ಕಿನಲ್ಲಿ ಸೇರಿದರು. ಅವರು ಬರೆದ ಮನವಿ ಶುರುವಾಗುವುದೇ ದೊರೆಗೆ ತಾವು ಎಷ್ಟು ನಿಷ್ಠರು ಎಂಬ ಮಾತಿನಿಂದ. ಅವರು ಕೇಳಿದ್ದು ಇಷ್ಟೇ: ನಾವೂ ಇಂಗ್ಲಿಷರು, ಇಂಗ್ಲಿಷರಿಗೆ ಅವರ ಪ್ರತಿನಿಧಿಗಳ ಒಪ್ಪಿಗೆ ಇಲ್ಲದೆ ತೆರಿಗೆ ಹಾಕುವಂತಿಲ್ಲ, ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ, ಹಾಗಾದರೆ ಇದು ಹೇಗೆ? ಲಂಡನ್ನಿನ ಉತ್ತರವೂ ಸಿದ್ಧವಿತ್ತು. ಇಂಗ್ಲೆಂಡಿನದೇ ಊರುಗಳಾದ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮಿನಿಂದಲೂ ಸದಸ್ಯರಿಲ್ಲ, ಆದರೂ ಪಾರ್ಲಿಮೆಂಟು ಎಲ್ಲರ ಪರವಾಗಿಯೇ ಯೋಚಿಸುತ್ತದೆ ಎಂದರು. "ನಿನ್ನ ಪರವಾಗಿ ನಾನು ಯೋಚಿಸಿದ್ದೇನೆ, ಸಹಿ ಹಾಕು" ಅಂತ ಅಣ್ಣ ತಮ್ಮನಿಗೆ ಹೇಳಿದರೆ ಆಸ್ತಿ ಪಾಲು ಸಲೀಸಾಗಿ ಮುಗಿಯುತ್ತದಾ?

1766ರ ಫೆಬ್ರವರಿಯಲ್ಲಿ, ಆಗ ಲಂಡನ್ನಿನಲ್ಲಿದ್ದ ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಪಾರ್ಲಿಮೆಂಟಿನ ಕಾಮನ್ಸ್ ಸಭೆ ಕರೆಸಿ ಪ್ರಶ್ನೆ ಕೇಳಿತು. 1763ಕ್ಕೆ ಮೊದಲು ಬ್ರಿಟನ್ ಬಗ್ಗೆ ಅಮೆರಿಕದವರ ಮನಸ್ಸು ಹೇಗಿತ್ತು? ಲೋಕದಲ್ಲೇ ಅತ್ಯುತ್ತಮವಾಗಿತ್ತು ಎಂದ. ಮೊದಲು ಅವರಿಗೆ ಯಾವುದು ಹೆಮ್ಮೆಯಾಗಿತ್ತು? ಬ್ರಿಟನ್ನಿನ ಫ್ಯಾಷನ್ನು, ಬ್ರಿಟನ್ನಿನ ಸಾಮಾನು. ಈಗ? ಹೊಸ ಬಟ್ಟೆಯನ್ನು ತಾವೇ ನೇಯ್ದುಕೊಳ್ಳುವವರೆಗೆ ಹಳೆಯದನ್ನೇ ಮತ್ತೆ ಮತ್ತೆ ಉಡುವುದು. ಈ ನಾಲ್ಕು ಮಾತು ಪಾಠದಲ್ಲಿ ಇದ್ದರೆ ಸಾಕು, ಮನಸ್ಸು ಎಲ್ಲಿಂದ ಎಲ್ಲಿಗೆ ಬಂತೆಂದು ಮಕ್ಕಳಿಗೆ ಗೊತ್ತಾಗುತ್ತದೆ.

ಸರಕು ಬಹಿಷ್ಕಾರದಿಂದ ಲಂಡನ್ನಿನ ವ್ಯಾಪಾರಿಗಳೇ ಕಂಗಾಲಾಗಿದ್ದರು. ಮಾರ್ಚ್ 18ರಂದು ಸ್ಟಾಂಪ್ ಕಾಯ್ದೆ ರದ್ದಾಯಿತು. ಅದೇ ದಿನ ಇನ್ನೊಂದು ಕಾಯ್ದೆಯೂ ಬಂತು. ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಾಗಲಿ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗೆ ಇದ್ದೇ ಇದೆ ಎಂದು ಅದು ಸಾರಿತು. ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟರು, ಎಟುಕುವ ಹಾಗೇ ಇಟ್ಟರು.

ಆದರೂ ಜನ ಎಷ್ಟು ಖುಷಿಪಟ್ಟರು ಗೊತ್ತಾ? ನ್ಯೂಯಾರ್ಕಿನವರು ಕೃತಜ್ಞತೆಯಿಂದ ಮೂರನೇ ಜಾರ್ಜ್ ದೊರೆಯ ಪ್ರತಿಮೆ ಮಾಡಿಸಲು ತೀರ್ಮಾನಿಸಿದರು. ಕುದುರೆಯ ಮೇಲೆ ಕೂತ ದೊರೆ, ಸೀಸದ ಮೈ, ಮೇಲೆ ಬಂಗಾರದ ಲೇಪ. ಲಂಡನ್ನಿನಲ್ಲಿ ತಯಾರಾಗಿ 1770ರಲ್ಲಿ ಬೌಲಿಂಗ್ ಗ್ರೀನ್ ಎಂಬ ಜಾಗದಲ್ಲಿ ನಿಂತಿತು. ಈ ಪ್ರತಿಮೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಟೌನ್‌ಶೆಂಡ್ ಸುಂಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಜು, ಸೀಸ, ಬಣ್ಣ, ಕಾಗದ, ಚಹಾ. ಮತ್ತೆ ಬಹಿಷ್ಕಾರ. ಹೆಂಗಸರು ರಾಟೆ ಹಿಡಿದರು, ಮನೆಯಲ್ಲಿ ನೇಯ್ದ ಬಟ್ಟೆ ಉಡುವುದೇ ಗೌರವವಾಯಿತು. ನಮ್ಮ ಕಡೆಯ ಮಕ್ಕಳಿಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸುತ್ತದೆ. ಬೋಸ್ಟನ್ನಿಗೆ ಸೈನ್ಯ ಬಂತು. 1770ರ ಮಾರ್ಚ್ 5ರಂದು ಸೈನಿಕರ ಗುಂಡಿಗೆ ಐವರು ಸತ್ತರು. ಆ ಸೈನಿಕರ ಪರ ವಕಾಲತ್ತು ವಹಿಸಿದವನು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಸಮುದ್ರದ ಆಚೆ ಅದೇ ದಿನ ಪ್ರಧಾನಿ ಲಾರ್ಡ್ ನಾರ್ತ್ ಈ ಸುಂಕಗಳನ್ನು ತೆಗೆಯೋಣ ಎಂದು ಪಾರ್ಲಿಮೆಂಟಿನ ಮುಂದೆ ಹೇಳುತ್ತಿದ್ದ. ಎಲ್ಲ ತೆಗೆದರು. ಚಹಾದ ಮೇಲಿನ 3 ಪೆನ್ಸ್ ಮಾತ್ರ ಉಳಿಸಿಕೊಂಡರು. ದುಡ್ಡಿಗಿಂತ ಹಠಕ್ಕೆ. ನಮಗೆ ಹಕ್ಕಿದೆ ಎಂದು ತೋರಿಸಲು ಏನಾದರೂ ಒಂದು ಇರಬೇಕಿತ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನಿಮ್ಮನ್ನು ಮುಖ್ಯವಾಗಿ ಕೇಳಿಕೊಳ್ಳಬೇಕಾದದ್ದೂ ಇಲ್ಲೇ ಇದೆ.

ನಮ್ಮ ಮಕ್ಕಳು 1773 ಎಂಬ ಇಸವಿಯನ್ನು ಎರಡು ಸಲ ಕಲಿಯುತ್ತಾರೆ. ಒಂದು ಬೋಸ್ಟನ್ ಟೀ ಪಾರ್ಟಿ. ಇನ್ನೊಂದು ಭಾರತದ ಪಾಠದಲ್ಲಿ ಬರುವ ರೆಗ್ಯುಲೇಟಿಂಗ್ ಕಾಯ್ದೆ. ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಗೆ 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು ಸಿಕ್ಕಿತು. ಲಂಡನ್ನಿನಲ್ಲಿ ಅದರ ಷೇರು ಏರಿತು. ಅದನ್ನು ಮೊದಲು ಬೀಳಿಸಿದವರಲ್ಲಿ ನಮ್ಮ ನೆಲದವನೊಬ್ಬನಿದ್ದಾನೆ. ಹೈದರಾಲಿ. 1769ರಲ್ಲಿ ಅವನ ಕುದುರೆ ದಂಡು ಮದ್ರಾಸಿನ ಬಾಗಿಲಿಗೇ ಬಂತು, ಕಂಪನಿ ಒಪ್ಪಂದಕ್ಕೆ ಇಳಿಯಬೇಕಾಯಿತು. ಅವನ ದಂಡಯಾತ್ರೆಯ ಸುದ್ದಿ ಲಂಡನ್ ಮುಟ್ಟಿದಾಗ ಷೇರು ಕುಸಿಯಿತು. ಮರುವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. 1772ರಲ್ಲಿ ಯುರೋಪಿನ ಸಾಲದ ಪೇಟೆಯೇ ಮುಗ್ಗರಿಸಿತು. ಕಂಪನಿ ಸರ್ಕಾರದ ಮುಂದೆ ಕೈಚಾಚಿತು. ಅದರ ಗೋದಾಮುಗಳಲ್ಲಿ ಆಗ ಸುಮಾರು 1.7 ಕೋಟಿ ಪೌಂಡ್ ತೂಕದ ಚೀನಾ ಚಹಾ ಮಾರಾಟವಾಗದೆ ಬಿದ್ದಿತ್ತು.

ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಲಗಾಮು ಹಾಕಲು ರೆಗ್ಯುಲೇಟಿಂಗ್ ಕಾಯ್ದೆ ತಂದಿತು. ಬಿದ್ದಿದ್ದ ಚಹಾ ಖಾಲಿಯಾಗಲು ಚಹಾ ಕಾಯ್ದೆ ತಂದಿತು. ಇನ್ನು ಮುಂದೆ ಕಂಪನಿ ಚಹಾವನ್ನು ನೇರವಾಗಿ ಅಮೆರಿಕಕ್ಕೆ ಕಳಿಸಬಹುದು, ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕ ವಾಪಸ್ಸು ಸಿಗುತ್ತದೆ. ಹಾಗಾಗಿ ಡಚ್ಚರಿಂದ ಕಳ್ಳಸಾಗಣೆಯಾಗಿ ಬರುತ್ತಿದ್ದ ಚಹಾಕ್ಕಿಂತಲೂ ಇದು ಅಗ್ಗವಾಗಿ ಸಿಗುವಂತಾಯಿತು. ಅಮೆರಿಕದಲ್ಲಿ ಕಟ್ಟಬೇಕಾದ 3 ಪೆನ್ಸ್ ಮಾತ್ರ ಹಾಗೇ ಉಳಿಯಿತು.

ಅಗ್ಗದ ಚಹಾ ಕುಡಿದವರು ಆ 3 ಪೆನ್ಸನ್ನೂ ಒಪ್ಪಿಕೊಂಡ ಹಾಗಾಗುತ್ತದೆ. ಇವತ್ತು ಚಹಾ, ನಾಳೆ ಇನ್ನೇನೋ. ಮಾರಾಟದ ಹಕ್ಕೂ ಬೇಕಾದವರಿಗಷ್ಟೇ ಸಿಕ್ಕಿತ್ತು. ಬೋಸ್ಟನ್ನಿನಲ್ಲಿ ಅದು ಸಿಕ್ಕವರಲ್ಲಿ ಇಬ್ಬರು ಗವರ್ನರ್ ಹಚಿನ್ಸನ್‌ನ ಮಕ್ಕಳೇ. ಕಳ್ಳ ಚಹಾ ಮಾರುತ್ತಿದ್ದವರಿಗೂ ಹೊಟ್ಟೆಗೆ ಹೊಡೆತ ಬಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಇನ್ನೊಂದು ಭಯವೂ ಇತ್ತು. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ಬರೆದದ್ದೆಂದು ಹೇಳುವ ಆಗಿನ ಒಂದು ಪತ್ರ ಜನರನ್ನು ಎಚ್ಚರಿಸಿತು: ಏಷ್ಯಾದಲ್ಲಿ ಈ ಕಂಪನಿ ಹೇಗೆ ನಡೆದುಕೊಂಡಿದೆ ನೋಡಿ, ಜನರ ಹಕ್ಕಿಗಾಗಲಿ ಜೀವಕ್ಕಾಗಲಿ ಇದು ಬೆಲೆ ಕೊಡುವುದಿಲ್ಲ. ಬಂಗಾಳದ ಕ್ಷಾಮದ ಮಾತೂ ಅದರಲ್ಲಿದೆ. ಅಲ್ಲಿ ಸತ್ತವರ ಸುದ್ದಿ ಅಷ್ಟು ದೂರದ ಇನ್ನೊಂದು ನೆಲದವರನ್ನು ಎಚ್ಚರಿಸಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಾರ್ಟ್‌ಮತ್ ಹಡಗು ಕಂಪನಿಯ ಚಹಾ ಹೊತ್ತು ನವೆಂಬರ್ 28ಕ್ಕೆ ಬೋಸ್ಟನ್ ತಲುಪಿತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಮಾಲು ಜಪ್ತಿ. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ ಎಂಬ ಯುವಕ. ಅತ್ತ ಜನ ಚಹಾ ಇಳಿಸಲು ಬಿಡರು, ಇತ್ತ ಗವರ್ನರ್ ಹಡಗು ವಾಪಸ್ಸು ಹೋಗಲು ಬಿಡ. ಡಿಸೆಂಬರ್ 16ರಂದು, ಸಾವಿರಾರು ಜನ ಓಲ್ಡ್ ಸೌತ್ ಸಭಾಭವನದಲ್ಲಿ ಕಾಯುತ್ತಿರುವಾಗ, ಅವನು ಕೊನೆಯ ಸಲ ಪರವಾನಗಿ ಕೇಳಲು ಗವರ್ನರನ ಊರಮನೆಗೆ ಹೋದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದ.

ಆ ರಾತ್ರಿ ಈ ಹಡಗೂ ಸೇರಿ ಮೂರು ಹಡಗುಗಳಿಂದ ಸುಮಾರು 340 ಪೆಟ್ಟಿಗೆ ಚಹಾವನ್ನು ಜನ ನೀರಿಗೆ ಸುರಿದರು. ಹೆಚ್ಚುಕಡಿಮೆ 42 ಟನ್. ಕಂಪನಿ ಹಾಕಿದ ಬೆಲೆ 9,659 ಪೌಂಡ್. ಆಗ ಇಳಿತದ ಹೊತ್ತು. ನೀರು ಕಡಿಮೆ ಇದ್ದದ್ದರಿಂದ ಚಹಾ ಹಡಗಿನ ಪಕ್ಕದಲ್ಲೇ ಹುಲ್ಲಿನ ಮೆದೆಯ ಹಾಗೆ ಗುಡ್ಡೆ ಬಿತ್ತು. ಅದನ್ನು ಕಾಲಿನಿಂದ ತಳ್ಳಬೇಕಾಯಿತು. ಬೆಳಗ್ಗೆ ದೋಣಿಯಲ್ಲಿ ಹೋಗಿ, ತೇಲುತ್ತಿದ್ದದ್ದನ್ನು ಹುಟ್ಟಿನಿಂದ ಬಡಿದು ಮುಳುಗಿಸಿದರು. ಒಬ್ಬನ ಬೂಟಿನೊಳಗೆ ಸೇರಿಕೊಂಡಿದ್ದ ಚಹಾ ಎಲೆಯನ್ನು ಗಾಜಿನ ಶೀಷೆಯಲ್ಲಿ ಹಾಕಿಟ್ಟರು.

ಆ ಕೃತ್ಯವನ್ನು ಅಮೆರಿಕದಲ್ಲಿ ಎಲ್ಲರೂ ಮೆಚ್ಚಲಿಲ್ಲ. ಜಾರ್ಜ್ ವಾಷಿಂಗ್ಟನ್ ಒಪ್ಪಲಿಲ್ಲ. ಫ್ರಾಂಕ್ಲಿನ್ ನಷ್ಟ ತುಂಬಿಕೊಡಿ ಎಂದ. ಲಂಡನ್ ತಾಳ್ಮೆಯಿಂದ ಇದ್ದಿದ್ದರೆ ಬೋಸ್ಟನ್ ಒಂಟಿಯಾಗುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಲಂಡನ್ ಇಡೀ ಊರಿಗೇ ಶಿಕ್ಷೆ ಕೊಟ್ಟಿತು. 1774ರ ಜೂನ್ 1ರಿಂದ ಬಂದರು ಬಂದ್. ಬೋಸ್ಟನ್ ಇದ್ದ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತ ಪದ್ಧತಿಯನ್ನೇ ಬದಲಿಸಿತು, ಊರ ಸಭೆಗಳಿಗೂ ಗವರ್ನರನ ಅಪ್ಪಣೆ ಬೇಕಾಯಿತು. ಚಹಾ ಸುರಿದವರೂ ಒಂದೇ, ಸುರಿಯದ ಮೀನುಗಾರನೂ ಒಂದೇ. ದಕ್ಷಿಣದಿಂದ ಅಕ್ಕಿ ಬಂತು, ಕನೆಕ್ಟಿಕಟ್ಟಿನಿಂದ ಕುರಿ ಬಂದವು. ಚಹಾ ಸುರಿದದ್ದು ತಪ್ಪು ಎಂದಿದ್ದ ವಾಷಿಂಗ್ಟನ್ನೇ ಈಗ ಬೋಸ್ಟನ್ನಿನ ನೋವು ಇಡೀ ಅಮೆರಿಕದ ನೋವು ಎಂದ. ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು.

ಆಗಲೂ ಅವರು ದೊರೆಗೆ ಮನವಿ ಬರೆದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾನ್ಕಾರ್ಡಿನಲ್ಲಿ ಬ್ರಿಟಿಷ್ ಸೈನಿಕರಿಗೂ ಊರಿನವರಿಗೂ ಕಾಳಗವಾಗಿ ರಕ್ತ ಹರಿದ ಮೇಲೂ, ಜುಲೈನಲ್ಲಿ ಇನ್ನೊಂದು ಬರೆದರು. ರಾಜಿ ಮಾಡಿಕೊಳ್ಳೋಣ ಎಂದು ಕೇಳುವ ಪತ್ರ. ದೊರೆ ಅದನ್ನು ಸ್ವೀಕರಿಸಲೇ ಇಲ್ಲ. ಆಗಸ್ಟ್ 23ರಂದು ಇವರು ಬಂಡುಕೋರರು ಎಂದು ಸಾರಿಬಿಟ್ಟ. ಅಲ್ಲಿಯವರೆಗೆ ತಪ್ಪು ಮಂತ್ರಿಗಳದ್ದು, ಪಾರ್ಲಿಮೆಂಟಿನದ್ದು, ದೊರೆ ಒಳ್ಳೆಯವನು ಎಂದು ಜನ ನಂಬಿದ್ದರು. ಆ ನಂಬಿಕೆಗೆ ಕೊನೆಯ ಪೆಟ್ಟು ಕೊಟ್ಟದ್ದು 1776ರ ಜನವರಿಯಲ್ಲಿ ಥಾಮಸ್ ಪೇನ್ ಬರೆದ ಸಣ್ಣ ಪುಸ್ತಿಕೆ. ಅವನು ಇಂಗ್ಲೆಂಡಿನಿಂದ ಬಂದು ಒಂದೂಕಾಲು ವರ್ಷ ಕೂಡ ಆಗಿರಲಿಲ್ಲ. ಅಲ್ಲಿ ಅವನು ಮಾಡುತ್ತಿದ್ದ ಕೆಲಸ ಅಬಕಾರಿ ತೆರಿಗೆ ವಸೂಲಿ.

ಜುಲೈ 4ರ ಘೋಷಣೆಯನ್ನು ನೀವೇ ಒಮ್ಮೆ ತೆಗೆದು ನೋಡಿ. ದೊರೆಯ ಮೇಲೆ 27 ದೂರುಗಳ ಪಟ್ಟಿ ಇದೆ. ತೆರಿಗೆಯದು ಅದರಲ್ಲಿ ಒಂದೇ ಒಂದು ಸಾಲು, ಅದೂ ನಡುವೆ ಎಲ್ಲೋ: ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ. ಉಳಿದವು ಸಭೆ ಮುಚ್ಚಿಸಿದ್ದು, ಸೈನ್ಯ ಇರಿಸಿದ್ದು, ಜ್ಯೂರಿ ಕಿತ್ತುಕೊಂಡದ್ದು, ಇಂಥವು. ಮಕ್ಕಳೇ ಈ ಪಟ್ಟಿಯನ್ನು ಎಣಿಸಿದರೆ ಅವರಿಗೇ ತಿಳಿಯುತ್ತದೆ. ಇನ್ನೊಂದನ್ನೂ ಪಾಠದಲ್ಲಿ ಸೇರಿಸಿ. ಆಗ ಅಲ್ಲಿದ್ದ ಸುಮಾರು 25 ಲಕ್ಷ ಜನರಲ್ಲಿ 5 ಲಕ್ಷದಷ್ಟು ಜನ ಗುಲಾಮರು. ನಮ್ಮನ್ನು ಕೇಳದೆ ತೆರಿಗೆ ಹಾಕಿದರೆ ನಾವು ಗುಲಾಮರಾಗುತ್ತೇವೆ ಎಂದು ಬರೆದ ಎಷ್ಟೋ ಜನರ ಮನೆಯಲ್ಲಿ ನಿಜವಾದ ಗುಲಾಮರಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಜುಲೈ 9ರ ಸಂಜೆ ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್‌ನ ಸೈನಿಕರಿಗೆ ಆ ಘೋಷಣೆ ಓದಿ ಹೇಳಿದರು. ಜನ ನೇರ ಬೌಲಿಂಗ್ ಗ್ರೀನಿಗೆ ಹೋದರು. ಸ್ಟಾಂಪ್ ಕಾಯ್ದೆ ರದ್ದು ಮಾಡಿದ್ದಕ್ಕೆ ಕೃತಜ್ಞತೆಯಿಂದ ಮಾಡಿಸಿದ ಅದೇ ಪ್ರತಿಮೆಗೆ ಹಗ್ಗ ಕಟ್ಟಿ ಎಳೆದು ಕೆಡವಿದರು. ಸೀಸವನ್ನು ತುಂಡು ಮಾಡಿ ಕನೆಕ್ಟಿಕಟ್ಟಿನ ಲಿಚ್‌ಫೀಲ್ಡ್ ಊರಿಗೆ ಸಾಗಿಸಿದರು. ಅಲ್ಲಿ ಹೆಂಗಸರು ಮಕ್ಕಳು ಕೂತು ಕರಗಿಸಿ ಕೋವಿಯ ಗುಂಡು ಎರಕ ಹೊಯ್ದರು. ಲೆಕ್ಕ ಬರೆದಿಟ್ಟಿದ್ದಾರೆ: 42,088 ಗುಂಡು. ಪ್ರತಿಮೆಯ ಸುತ್ತ ಹಾಕಿದ್ದ ಕಬ್ಬಿಣದ ಬೇಲಿ ಇವತ್ತಿಗೂ ಅಲ್ಲೇ ಇದೆ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪಾಠವನ್ನು ಮುಂದೆ ಪರಿಷ್ಕರಿಸುವಾಗ ಆ ಪ್ರತಿಮೆಯ ಕಥೆಗೆ ಅರ್ಧ ಪುಟ ಕೊಡಿ. 1773ರ ಎರಡು ಕಾಯ್ದೆಗಳನ್ನು ಒಂದಕ್ಕೊಂದು ಜೋಡಿಸಿ, ನಡುವೆ ಹೈದರಾಲಿಯನ್ನೂ ಬಂಗಾಳದ ಕ್ಷಾಮವನ್ನೂ ತನ್ನಿ. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ಎಂದು ಒಂದು ಸಾಲು ಬರೆಯಿರಿ. ನಮ್ಮ ಮಕ್ಕಳು ಬೇರೆ ಬೇರೆ ಪಾಠಗಳಲ್ಲಿ ಓದುವುದು ಒಂದೇ ಲೋಕದ ಕಥೆಯನ್ನು.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಮುಂದಿನ ಪ್ರಶ್ನೆಪತ್ರಿಕೆಯಲ್ಲಿ ಇಸವಿ ಹೊಂದಿಸಿ ಬರೆಯುವ ಜಾಗದಲ್ಲಿ ಅವಳ ಪ್ರಶ್ನೆಯನ್ನೇ ಹಾಕಿ: "ಚಹಾ ಅಗ್ಗವಾಗಿದ್ದರೂ ಬೋಸ್ಟನ್ನಿನವರು ಅದನ್ನು ಯಾಕೆ ಕಡಲಿಗೆ ಸುರಿದರು?" ನಾಲ್ಕು ಅಂಕ ಇರಲಿ. ಇಸವಿ ತಪ್ಪಿದ್ದರೂ ಕಾರಣ ಸರಿಯಿದ್ದರೆ ಪೂರ್ತಿ ಅಂಕ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ